ವಾಯಿದೆಯ ಬಲಿ: ಎಡ್ವಿನ್ ಆರ್ಮ್‌ಸ್ಟ್ರಾಂಗನ ಜೀವನ

ವ್ಯಾಜ್ಯಗಳ ವಿಷಯದಲ್ಲಿ ನಮ್ಮ ಹಿರಿಯರು ಆಡಿಟ್ಟ ಮಾತೊಂದುಂಟು: ಗೆದ್ದವನು ಸೋತ, ಸೋತವನು ಸತ್ತ. ಹೊಲದ ಬದುವಿಗಾಗಿಯೋ ಹಿತ್ತಿಲ ಗೋಡೆಗಾಗಿಯೋ ತಲೆಮಾರುಗಟ್ಟಲೆ ಕಚೇರಿಯ ಮೆಟ್ಟಿಲು ಹತ್ತಿಳಿದು ಹಣ್ಣಾದ ಮನೆತನಗಳನ್ನು ಕಂಡು ಹುಟ್ಟಿದ ಮಾತು ಅದು. ಆದರೂ ಭೂಮಿಯ ವ್ಯಾಜ್ಯದಲ್ಲಿ ಒಂದು ಸಮಾಧಾನವಿದೆ. ದಾವೆ ಎಷ್ಟು ವರ್ಷ ಬೆಳೆದರೂ ಭೂಮಿ ಇದ್ದಲ್ಲಿಯೇ ಇರುತ್ತದೆ. ತಂದೆಗೆ ದಕ್ಕದುದು ಮಗನಿಗಾದರೂ ದಕ್ಕೀತು. ಪೇಟೆಂಟಿನ ವ್ಯಾಜ್ಯಕ್ಕೆ ಆ ಸಮಾಧಾನವೂ ಇಲ್ಲ. ಪೇಟೆಂಟು ಎಂದರೆ ಸರ್ಕಾರವು ಶೋಧಕನಿಗೆ ಅಳೆದು ಕೊಡುವ ಕೆಲವು ವರ್ಷಗಳ ಏಕಸ್ವಾಮ್ಯ. ಅಮೆರಿಕದಲ್ಲಿ ಕಳೆದ ಶತಮಾನದ ಬಹುಕಾಲ ಅದರ ಅವಧಿ, ಸನ್ನದು ದೊರೆತ ದಿನದಿಂದ ೧೭ ವರ್ಷ. ಆ ವರ್ಷಗಳು ಉರುಳಿದವೆಂದರೆ ಹಕ್ಕೂ ಅವುಗಳೊಡನೆ ಉರುಳಿತು. ಆದುದರಿಂದ ಇಂಥ ದಾವೆಯಲ್ಲಿ ಬಲಿಷ್ಠನಾದ ಪ್ರತಿವಾದಿಯು ಶೋಧಕನ ಸತ್ಯವನ್ನು ಸುಳ್ಳೆಂದು ಸಾಧಿಸಬೇಕಾದ ಅಗತ್ಯವಿಲ್ಲ. ದಿನಗಳನ್ನು ಮುಂದಕ್ಕೆ ತಳ್ಳುತ್ತ ಹೋದರೆ ಸಾಕು.

ಈ ಸಂಗತಿಯನ್ನು ತನ್ನ ಬಾಳಿನಲ್ಲಿಯೇ ಅನುಭವಿಸಿ, ಅದರ ಭಾರದಿಂದ ಕುಸಿದವನು ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್. ಇಂದು ಎಫ್.ಎಂ. ಎಂಬ ಎರಡಕ್ಷರ ಅರಿಯದ ಮನೆಯಿಲ್ಲ. ಆ ನಿರ್ಮಲವಾದ ಧ್ವನಿಯನ್ನು ಲೋಕಕ್ಕೆ ಕೊಟ್ಟವನ ಹೆಸರನ್ನು ಬಲ್ಲವರು ಮಾತ್ರ ವಿರಳ.

ಆರ್ಮ್‌ಸ್ಟ್ರಾಂಗನು ಹುಟ್ಟಿದುದು ನ್ಯೂಯಾರ್ಕ್ ನಗರದಲ್ಲಿ, ೧೮೯೦ರ ಡಿಸೆಂಬರ್ ೧೮ರಂದು. ತಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಮುದ್ರಣಾಲಯದ ಅಮೆರಿಕದ ಶಾಖೆಯಲ್ಲಿ ಅಧಿಕಾರಿ. ತಾಯಿ ಶಾಲೆಯಲ್ಲಿ ಪಾಠ ಹೇಳಿದವಳು. ಬಾಲ್ಯದಲ್ಲಿ ಬಂದ ಕಾಯಿಲೆಯೊಂದು ಹುಡುಗನನ್ನು ಬಹುಕಾಲ ಶಾಲೆಯಿಂದ ದೂರವಿರಿಸಿತಲ್ಲದೆ, ಉದ್ವೇಗದ ಗಳಿಗೆಯಲ್ಲಿ ಕತ್ತು ಭುಜಗಳು ಅದುರುವ ದೋಷವೊಂದನ್ನು ಜೀವಮಾನಕ್ಕೆ ಉಳಿಸಿ ಹೋಯಿತು. ಕುಟುಂಬವು ಹಡ್ಸನ್ ನದಿಯ ದಂಡೆಯ ಯಾಂಕರ್ಸ್ ಎಂಬ ಊರಿಗೆ ಬಂದು ನೆಲಸಿದ ಮೇಲೆ, ಮಾರ್ಕೋನಿಯ ಸಾಹಸಗಳನ್ನು ಓದಿ ಮರುಳಾದ ಈ ಏಕಾಂತಪ್ರಿಯ ಬಾಲಕನು ಅಟ್ಟದ ಕೋಣೆಯನ್ನು ತಂತಿ, ಸುರುಳಿ, ನಳಿಕೆಗಳಿಂದ ತುಂಬಿದನು. ಹಿತ್ತಿಲಿನಲ್ಲಿ ನೂರಡಿಗೂ ಮಿಕ್ಕಿದ ಕಂಬವೊಂದನ್ನು ತಾನೇ ನಿಲ್ಲಿಸಿ, ಅದರ ತುದಿಗೇರಿ ಕುಳಿತುಕೊಳ್ಳುವುದು ಅವನಿಗೆ ಆಟವಾಯಿತು. ಎತ್ತರವನ್ನು ಕಂಡರೆ ಏರುವ ಈ ಚಪಲ ಅವನನ್ನು ಕೊನೆಯವರೆಗೆ ಬಿಡಲಿಲ್ಲ.

ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗಲೇ, ೧೯೧೨ರಲ್ಲಿ, ಅವನ ಮೊದಲ ಮಹಾಶೋಧ ನಡೆಯಿತು. ಲೀ ಡಿ ಫಾರೆಸ್ಟ್ ಎಂಬಾತ ಕೆಲವು ವರ್ಷಗಳ ಹಿಂದೆ ಆಡಿಯಾನ್ ಎಂಬ ಮೂರು ಧ್ರುವದ ನಳಿಕೆಯನ್ನು ನಿರ್ಮಿಸಿದ್ದನು; ಆದರೆ ಅದು ಒಳಗೆ ಹೇಗೆ ಕೆಲಸಮಾಡುತ್ತದೆಂಬುದು ಯಾರಿಗೂ ಸ್ಪಷ್ಟವಿರಲಿಲ್ಲ. ಆರ್ಮ್‌ಸ್ಟ್ರಾಂಗನು ಅದನ್ನು ತಾಳ್ಮೆಯಿಂದ ಪರೀಕ್ಷಿಸಿ, ನಳಿಕೆಯಿಂದ ಹೊರಬಂದ ವಿದ್ಯುತ್ತಿನ ಒಂದಂಶವನ್ನು ಮರಳಿ ಒಳಕ್ಕೆ ಹರಿಸಿದರೆ ಕ್ಷೀಣವಾದ ಸಂಕೇತವು ಸಹಸ್ರ ಪಾಲು ಬಲಗೊಳ್ಳುವುದೆಂದು ಕಂಡುಕೊಂಡನು. ಇನ್ನೂ ಮುಂದೆ ಹೋದರೆ ಆ ನಳಿಕೆಯೇ ಅಲೆಗಳನ್ನು ಹೊರಡಿಸುವ ಪ್ರೇಷಕವಾಗುವುದೆಂದೂ ಅರಿತನು. ಪೇಟೆಂಟಿಗೆ ಹಣ ಬೇಕೆಂದಾಗ, ಮೊದಲು ಪದವಿ ಮುಗಿಸೆಂದು ತಂದೆ ಹೇಳಿಬಿಟ್ಟರು. ಮಗನು ತನ್ನ ಮೋಟಾರು ಸೈಕಲ್ಲನ್ನು ಮಾರಿದನು. ಅದರಿಂದಲೂ ಸಾಲದೆ, ಬಂಧುವೊಬ್ಬರ ಸಲಹೆಯಂತೆ ತನ್ನ ರೇಖಾಚಿತ್ರವನ್ನು ನೋಟರಿಯ ಮುಂದಿಟ್ಟು ಮುದ್ರೆ ಹಾಕಿಸಿದನು. ಆ ದಿನ ೧೯೧೩ರ ಜನವರಿ ೩೧. ಈ ತಾರೀಖನ್ನು ವಾಚಕರು ನೆನಪಿನಲ್ಲಿಡಬೇಕು. ಅರ್ಜಿ ಸಲ್ಲಿಸುವುದು ಅದೇ ವರ್ಷದ ಅಕ್ಟೋಬರಿನವರೆಗೆ ತಡವಾಯಿತು. ಪೇಟೆಂಟು ೧೯೧೪ರ ಅಕ್ಟೋಬರಿನಲ್ಲಿ ದೊರೆಯಿತು.

ಸನ್ನದು ಕೈಸೇರಿದ ಹಿಂದೆಯೇ ವ್ಯಾಜ್ಯವೂ ಬಂದಿತು. ಇದೇ ಶೋಧವನ್ನು ತಾನು ಮೊದಲೇ ಮಾಡಿದ್ದೆನೆಂದು ಡಿ ಫಾರೆಸ್ಟನು ಹೂಡಿದ ವಾದವು ಸುಮಾರು ೨೦ ವರ್ಷಗಳ ಕಾಲ ಹಲವು ನ್ಯಾಯಸ್ಥಾನಗಳನ್ನು ಸುತ್ತಿತು. ೧೯೨೧ರಲ್ಲಿಯೂ ಮರುವರ್ಷದ ಮೇಲ್ಮನವಿಯಲ್ಲಿಯೂ ಗೆಲುವು ಆರ್ಮ್‌ಸ್ಟ್ರಾಂಗನದೇ. ಎದುರಾಳಿಯ ಸಂಸ್ಥೆ ಆಗ ದಿವಾಳಿಯಂಚಿನಲ್ಲಿತ್ತು. ನಷ್ಟಪರಿಹಾರವನ್ನು ಬಿಟ್ಟುಕೊಟ್ಟು ತೀರ್ಪನ್ನು ಅಂತಿಮಗೊಳಿಸಿಕೊಳ್ಳುವಂತೆ ವಕೀಲರು ಬುದ್ಧಿ ಹೇಳಿದರು. ಅವನು ಒಪ್ಪಲಿಲ್ಲ. ತನ್ನ ಕೀರ್ತಿಯನ್ನು ಕದಿಯಬಂದವನು ಪೂರ್ಣವಾಗಿ ಸೋಲನ್ನೊಪ್ಪಬೇಕೆಂಬುದು ಅವನ ಹಟ. ತೀರ್ಪು ಅಂತಿಮವಾಗದೆ ತೆರೆದುಳಿದ ಆ ಸಂದಿಯಲ್ಲಿ ಡಿ ಫಾರೆಸ್ಟನು ನುಗ್ಗಿ, ಪೇಟೆಂಟು ಕಚೇರಿಯ ಮುಂದಿದ್ದ ಇನ್ನೊಂದು ನಡವಳಿಯನ್ನು ಮುಂದುವರಿಸಿದನು. ೧೯೨೪ರಲ್ಲಿ ಫಲ ತಿರುಗಿತು. ಸರ್ವೋಚ್ಚ ನ್ಯಾಯಾಲಯವು ೧೯೨೮ರಲ್ಲೊಮ್ಮೆ, ೧೯೩೪ರಲ್ಲಿ ಮತ್ತೊಮ್ಮೆ ಡಿ ಫಾರೆಸ್ಟನನ್ನೇ ಎತ್ತಿಹಿಡಿಯಿತು.

ಇಲ್ಲಿಯೇ ಕಾಲದ ಕೈವಾಡವನ್ನು ಗಮನಿಸಬೇಕು. ಆರ್ಮ್‌ಸ್ಟ್ರಾಂಗನ ಪೇಟೆಂಟು ಉಳಿದಿದ್ದರೆ ೧೯೩೧ರಲ್ಲಿ ಮುಗಿಯುತ್ತಿದ್ದಿತು. ಡಿ ಫಾರೆಸ್ಟನ ಪೇಟೆಂಟು ವ್ಯಾಜ್ಯದಿಂದ ತಡವಾಗಿ ೧೯೨೪ರಲ್ಲಿ ಹೊರಟುದರಿಂದ, ಅದರ ಆಯುಸ್ಸು ೧೯೪೧ರವರೆಗೆ ಬೆಳೆಯಿತು. ಆ ಹಕ್ಕುಗಳನ್ನು ಕೊಂಡಿದ್ದ ದೊಡ್ಡ ಸಂಸ್ಥೆಗಳಿಗೆ ವಿಳಂಬವೇ ಹತ್ತು ವರ್ಷಗಳ ಲಾಭವಾಗಿ ಪರಿಣಮಿಸಿತು. ರೇಡಿಯೋ ತಂತ್ರಜ್ಞರಾದರೋ ನ್ಯಾಯಾಲಯವು ಶಾಸ್ತ್ರವನ್ನು ತಪ್ಪಾಗಿ ತಿಳಿಯಿತೆಂದೇ ಭಾವಿಸಿದರು. ಹಿಂದೆ ತನಗೆ ಕೊಟ್ಟಿದ್ದ ಗೌರವಪದಕವನ್ನು ಹಿಂದಿರುಗಿಸಲು ಆರ್ಮ್‌ಸ್ಟ್ರಾಂಗನು ೧೯೩೪ರಲ್ಲಿ ರೇಡಿಯೋ ಎಂಜಿನಿಯರುಗಳ ಸಭೆಗೆ ಹೋದಾಗ, ಅವರು ಅದನ್ನು ಮರಳಿ ಪಡೆಯಲು ನಿರಾಕರಿಸಿ ಅವನ ಶೋಧವನ್ನು ಮತ್ತೊಮ್ಮೆ ಮನ್ನಿಸಿದರು.

ಈ ವ್ಯಾಜ್ಯದ ನಡುವೆಯೂ ಅವನ ಪ್ರತಿಭೆ ಸುಮ್ಮನಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿ ಪ್ಯಾರಿಸಿನಲ್ಲಿದ್ದಾಗ, ೧೯೧೮ರಲ್ಲಿ, ಸೂಪರ್‌ಹೆಟರೊಡೈನ್ ಎಂಬ ಗ್ರಾಹಕ ಪದ್ಧತಿಯನ್ನು ರಚಿಸಿದನು. ಮುಂದೆ ಲೋಕದ ರೇಡಿಯೋ ಪೆಟ್ಟಿಗೆಗಳೆಲ್ಲ ಬಹುಮಟ್ಟಿಗೆ ಅದನ್ನೇ ಅನುಸರಿಸಿದವು. ೧೯೨೦ರಲ್ಲಿ ಹಳೆಯ ಪೇಟೆಂಟುಗಳನ್ನು ವೆಸ್ಟಿಂಗ್‌ಹೌಸ್ ಸಂಸ್ಥೆ ಕೊಂಡಿತು. ೧೯೨೨ರಲ್ಲಿ ಮತ್ತೊಂದು ಶೋಧವನ್ನು ರೇಡಿಯೋ ಕಾರ್ಪೊರೇಷನ್ ಆಫ್ ಅಮೆರಿಕ, ಎಂದರೆ ಆರ್.ಸಿ.ಎ., ಹಣ ಮತ್ತು ಷೇರುಗಳನ್ನು ಕೊಟ್ಟು ಪಡೆಯಿತು. ಅಟ್ಟದ ಕೋಣೆಯ ಹುಡುಗನು ಆ ಸಂಸ್ಥೆಯ ಅತಿದೊಡ್ಡ ಖಾಸಗಿ ಷೇರುದಾರನಾದನು.

ಆರ್.ಸಿ.ಎ.ಯಲ್ಲಿ ಅವನಿಗೆ ಆಪ್ತನಾಗಿದ್ದವನು ಡೇವಿಡ್ ಸಾರ್ನಾಫ್. ರಷ್ಯದ ಬಡ ಯೆಹೂದಿ ಕುಟುಂಬದಿಂದ ಬಾಲ್ಯದಲ್ಲಿಯೇ ವಲಸೆ ಬಂದು, ಸ್ವಸಾಮರ್ಥ್ಯದಿಂದ ಮೇಲೇರಿದ ಅಸಾಧಾರಣ ವ್ಯಕ್ತಿ ಆತ. ೧೯೧೪ರ ಜನವರಿಯ ಕೊರೆಯುವ ಚಳಿಯಲ್ಲಿ, ನ್ಯೂಜೆರ್ಸಿಯ ಕಡಲಂಚಿನ ನಿಲಯವೊಂದರಲ್ಲಿ ಈ ಇಬ್ಬರು ತರುಣರೂ ರಾತ್ರಿಯಿಡೀ ಕುಳಿತು, ಆರ್ಮ್‌ಸ್ಟ್ರಾಂಗನ ಗ್ರಾಹಕದಲ್ಲಿ ದೂರದೂರದ ಸಂಕೇತಗಳನ್ನು ಕೇಳಿ ಬೆರಗಾಗಿದ್ದರು. ಸಾರ್ನಾಫನ ಕಾರ್ಯದರ್ಶಿನಿಯಾಗಿದ್ದ ಮೇರಿಯನ್ ಮೆಕಿನ್ನಿಸ್ ಎಂಬಾಕೆಯನ್ನೇ ಆರ್ಮ್‌ಸ್ಟ್ರಾಂಗನು ೧೯೨೩ರಲ್ಲಿ ವರಿಸಿದನು. ಇಷ್ಟು ಗಾಢವಾಗಿದ್ದ ಸ್ನೇಹವೇ ಮುಂದೆ ವೈರವಾಯಿತು.

ಆ ಕಾಲದ ರೇಡಿಯೋವಿನ ದೊಡ್ಡ ಪೀಡೆ ಗೊರಗೊರ ಸದ್ದು. ಮಾತು ಸಂಗೀತಗಳನ್ನು ಹೊತ್ತ ಅಲೆಯ ಎತ್ತರವು ಧ್ವನಿಗೆ ತಕ್ಕಂತೆ ಏರಿಳಿಯುತ್ತಿತ್ತು. ಸಿಡಿಲೂ ಯಂತ್ರಗಳ ಕಿಡಿಯೂ ಅದೇ ಎತ್ತರವನ್ನು ಕೆಡಿಸುತ್ತಿದ್ದುದರಿಂದ ಸದ್ದನ್ನು ಬೇರ್ಪಡಿಸುವ ಉಪಾಯವಿರಲಿಲ್ಲ. ಇದನ್ನು ತೊಲಗಿಸುವ ಚಿಕ್ಕ ಪೆಟ್ಟಿಗೆಯೊಂದನ್ನು ಯಾರಾದರೂ ಮಾಡಿಕೊಡಬೇಕೆಂದು ಸಾರ್ನಾಫನು ಬಯಸಿದ್ದನೆಂದು ಹೇಳುತ್ತಾರೆ. ಅಲೆಯ ಎತ್ತರವನ್ನು ಬಿಟ್ಟು, ಅದರ ಆವರ್ತನವನ್ನು ಧ್ವನಿಗೆ ತಕ್ಕಂತೆ ವ್ಯತ್ಯಾಸಗೊಳಿಸುವ ಯೋಚನೆ ಹೊಸದೇನೂ ಅಲ್ಲ. ಆದರೆ ಅದರಿಂದ ಪ್ರಯೋಜನವಿಲ್ಲವೆಂದು ಜಾನ್ ಕಾರ್ಸನ್ ಎಂಬ ಗಣಿತಜ್ಞನು ೧೯೨೨ರಲ್ಲಿ ಲೆಕ್ಕ ಹಾಕಿ ತೋರಿಸಿದ ಮೇಲೆ ಎಲ್ಲರೂ ಅದನ್ನು ಕೈಬಿಟ್ಟಿದ್ದರು. ಆರ್ಮ್‌ಸ್ಟ್ರಾಂಗನು ಬಿಡಲಿಲ್ಲ. ಎಲ್ಲರೂ ತರಂಗಕ್ಕೆ ಕಿರಿದಾದ ಹಾದಿಯನ್ನು ಕೊಡಲು ಯತ್ನಿಸುತ್ತಿದ್ದಾಗ, ಇವನು ಹಾದಿಯನ್ನು ಬಹಳ ಅಗಲ ಮಾಡಿದನು. ಗೊರಗೊರ ಸದ್ದು ಮಾಯವಾಯಿತು. ಇದರ ಮೂಲ ಪೇಟೆಂಟುಗಳು ೧೯೩೩ರ ಡಿಸೆಂಬರ್ ೨೬ರಂದು ಅವನ ಕೈಸೇರಿದವು. ಹದಿನೇಳು ವರ್ಷಗಳ ಗಡಿಯಾರ ಅಂದಿನಿಂದ ನಡೆಯತೊಡಗಿತು.

ಸಾರ್ನಾಫನು ಬಯಸಿದುದು ಒಂದು ಪೆಟ್ಟಿಗೆ. ಸ್ನೇಹಿತನು ತಂದುಕೊಟ್ಟುದು ಒಂದು ಕ್ರಾಂತಿ. ಹೊಸ ಪ್ರೇಷಕಗಳು, ಹೊಸ ಗ್ರಾಹಕಗಳು, ಹೊಸ ನಿಲಯಗಳು, ಎಲ್ಲವೂ ಹೊಸದಾಗಬೇಕು. ಹಳೆಯ ಪದ್ಧತಿಯಲ್ಲಿ ಅಪಾರ ಬಂಡವಾಳ ಹೂಡಿದ್ದ, ಟೆಲಿವಿಷನ್ನಿನ ಕಡೆಗೆ ಕಣ್ಣಿಟ್ಟಿದ್ದ ಆರ್.ಸಿ.ಎ.ಗೆ ಇದು ಹಿತವಾಗಲಿಲ್ಲ. ೧೯೩೪ರಲ್ಲಿ ಎಂಪೈರ್ ಸ್ಟೇಟ್ ಸೌಧದ ಮೇಲಿಂದ ಪ್ರಯೋಗ ನಡೆಸಲು ಅವಕಾಶವೇನೋ ದೊರೆಯಿತು. ಫಲ ಅದ್ಭುತವಾಗಿತ್ತು. ಆದರೆ ೧೯೩೫ರ ಏಪ್ರಿಲಿನಲ್ಲಿ, ಟೆಲಿವಿಷನ್ನಿಗೆ ಸ್ಥಳ ಬೇಕೆಂಬ ಕಾರಣದಿಂದ, ಉಪಕರಣಗಳನ್ನು ಇಳಿಸುವಂತೆ ಅವನಿಗೆ ಸೂಚನೆ ಬಂದಿತು. ಅದೇ ವರ್ಷದ ನವೆಂಬರ್ ೫ರಂದು ನ್ಯೂಯಾರ್ಕಿನ ಎಂಜಿನಿಯರುಗಳ ಸಭೆಯಲ್ಲಿ ಅವನು ತನ್ನ ಶೋಧವನ್ನು ಬಹಿರಂಗವಾಗಿ ಪ್ರದರ್ಶಿಸಿದನು. ಯಾಂಕರ್ಸಿನ ಗೆಳೆಯನ ಮನೆಯಲ್ಲಿ ಲೋಟಕ್ಕೆ ನೀರು ಸುರಿದ ಸದ್ದು, ಕಾಗದ ಹರಿದ ಸದ್ದು ಸಭಿಕರ ಪಕ್ಕದಲ್ಲಿಯೇ ಆದಂತೆ ಕೇಳಿಸಿದುವು. ನಮ್ಮ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ನಿಲಯವನ್ನು ತೆರೆದುದೂ ಅದೇ ೧೯೩೫ರಲ್ಲಿ. ಅಂದು ಅದನ್ನು ಕಿವಿಗೊಟ್ಟು ಕೇಳಿದ ತಲೆಮಾರಿಗೆ, ಗೊರಗೊರ ಸದ್ದಿಲ್ಲದ ರೇಡಿಯೋ ಎಂದರೆ ಎಂಥ ವರವೆಂಬುದನ್ನು ಹೇಳಬೇಕಾಗಿಲ್ಲ.

ಸಂಸ್ಥೆಗಳು ಮುಂದೆ ಬಾರದಿರಲು, ಆರ್ಮ್‌ಸ್ಟ್ರಾಂಗನು ತನ್ನ ಹಣವನ್ನೇ ಸುರಿದು ಹಡ್ಸನ್ ನದಿಯ ಆಚೆಯ ಆಲ್ಪೈನ್ ಎಂಬಲ್ಲಿ ೪೦೦ ಅಡಿಗೂ ಎತ್ತರದ ಗೋಪುರವನ್ನು ಕಟ್ಟಿಸಿ ನಿಲಯವನ್ನು ನಡೆಸಿದನು. ಕೊಲಂಬಿಯದಲ್ಲಿ ಪ್ರಾಧ್ಯಾಪಕನಾಗಿ ವರ್ಷಕ್ಕೆ ಒಂದು ಡಾಲರು ಮಾತ್ರ ಸಂಬಳ ಪಡೆಯುತ್ತಿದ್ದವನಿಗೆ ಹಣದ ಮೋಹ ದೊಡ್ಡದಾಗಿರಲಿಲ್ಲ. ಕ್ರಮೇಣ ಜನರಲ್ ಎಲೆಕ್ಟ್ರಿಕ್, ಜೆನಿತ್ ಮೊದಲಾದ ಸಂಸ್ಥೆಗಳು ಗೌರವಧನ ಕೊಟ್ಟು ಪರವಾನಗಿ ಪಡೆದುವು. ೧೯೪೦ರಲ್ಲಿ ಆರ್.ಸಿ.ಎ.ಯೂ ಹತ್ತು ಲಕ್ಷ ಡಾಲರುಗಳನ್ನು ಒಂದೇ ಬಾರಿ ಕೊಡುವುದಾಗಿಯೂ ಮುಂದೆ ಮಾರಾಟದ ಮೇಲೆ ಗೌರವಧನ ಕೊಡಲಾರೆನೆಂದೂ ತಿಳಿಸಿತು. ಉಳಿದವರೆಲ್ಲ ಪಾಲು ಕೊಡುತ್ತಿರುವಾಗ ಬಲಿಷ್ಠನೊಬ್ಬನಿಗೆ ವಿನಾಯಿತಿಯೇಕೆಂದು ಆರ್ಮ್‌ಸ್ಟ್ರಾಂಗನು ನಿರಾಕರಿಸಿದನು. ಎರಡನೆಯ ಮಹಾಯುದ್ಧ ಬಂದಾಗ ತನ್ನ ಪೇಟೆಂಟುಗಳನ್ನೆಲ್ಲ ಸೇನೆಯ ಬಳಕೆಗೆ ಏನನ್ನೂ ಪಡೆಯದೆ ಒಪ್ಪಿಸಿದನು. ಲೋಕಕ್ಕೆ ಅದು ಯುದ್ಧಕಾಲ. ಅವನ ಪೇಟೆಂಟಿನ ಆಯುಸ್ಸಿನಲ್ಲಿ ಅದು ಬರಡಾಗಿ ಕಳೆದ ಕಾಲ.

ಯುದ್ಧ ಮುಗಿಯುವ ಹೊತ್ತಿಗೆ ಇನ್ನೊಂದು ಪೆಟ್ಟು ಬಿದ್ದಿತು. ೧೯೪೫ರಲ್ಲಿ ಅಮೆರಿಕದ ಸಂಪರ್ಕ ಆಯೋಗವು ಎಫ್.ಎಂ. ಪ್ರಸಾರವನ್ನು ೪೨ರಿಂದ ೫೦ ಮೆಗಾಹರ್ಟ್ಸ್‌ನ ಹಳೆಯ ನೆಲೆಯಿಂದ ಎಬ್ಬಿಸಿ ೮೮ರಿಂದ ೧೦೮ರ ನೆಲೆಗೆ ಕಳುಹಿಸಿತು. ಸೂರ್ಯನ ಕಲೆಗಳಿಂದ ಅಡಚಣೆಯಾಗುವುದೆಂಬುದು ಕೊಟ್ಟ ಕಾರಣ. ಜನರು ಕೊಂಡಿದ್ದ ಲಕ್ಷಗಟ್ಟಲೆ ಪೆಟ್ಟಿಗೆಗಳು ಒಂದೇ ಆಜ್ಞೆಯಿಂದ ನಿರುಪಯುಕ್ತವಾದುವು. ಆರ್.ಸಿ.ಎ.ಯಾದರೋ ತನ್ನದೇ ಆದ ಬೇರೊಂದು ಮಂಡಲವನ್ನು ರಚಿಸಿ, ಅದು ಆರ್ಮ್‌ಸ್ಟ್ರಾಂಗನ ಹಕ್ಕಿಗೆ ಒಳಪಡದೆಂದು ಸಾರಿತು. ಟೆಲಿವಿಷನ್ನಿನ ಧ್ವನಿಗೂ ಎಫ್.ಎಂ. ಪದ್ಧತಿಯೇ ನಿಗದಿಯಾಗಿತ್ತು, ಪೆಟ್ಟಿಗೆಗಳು ಮಾರಾಟವಾಗುತ್ತಿದ್ದುವು, ಶೋಧಕನಿಗೆ ಮಾತ್ರ ಕಾಸು ಬರಲಿಲ್ಲ. ದೊಡ್ಡವನನ್ನು ನೋಡಿ ಇತರ ಅನೇಕ ತಯಾರಕರೂ ಅದೇ ಹಾದಿ ಹಿಡಿದರು.

೧೯೪೮ರ ಜುಲೈಯಲ್ಲಿ ಆರ್ಮ್‌ಸ್ಟ್ರಾಂಗನು ಆರ್.ಸಿ.ಎ. ಮತ್ತು ಅದರ ಪ್ರಸಾರಸಂಸ್ಥೆಯ ಮೇಲೆ ಡೆಲವೇರ್ ಪ್ರಾಂತದ ಕೇಂದ್ರ ನ್ಯಾಯಾಲಯದಲ್ಲಿ ದಾವೆ ಹೂಡಿದನು. ಮೂಲ ಪೇಟೆಂಟುಗಳಿಗೆ ಉಳಿದಿದ್ದುದು ಎರಡೂವರೆ ವರ್ಷಕ್ಕಿಂತ ಕಡಿಮೆ. ಇಲ್ಲಿಂದ ಮುಂದಿನದು ಪ್ರತಿವಾದಿಯ ವಕೀಲರ ಜಾಣ್ಮೆಯ ಕಥೆ. ೧೯೩೮ರಿಂದ ಅಮೆರಿಕದ ಕೇಂದ್ರ ನ್ಯಾಯಾಲಯಗಳಲ್ಲಿ ಒಂದು ವಿಧಿಯುಂಟು. ವಿಚಾರಣೆ ಆರಂಭವಾಗುವ ಮೊದಲೇ ಒಂದು ಪಕ್ಷದವರು ಇನ್ನೊಂದು ಪಕ್ಷದವರನ್ನು ಪ್ರಮಾಣ ಮಾಡಿಸಿ ಪ್ರಶ್ನಿಸಬಹುದು, ಕಾಗದಪತ್ರಗಳನ್ನು ತರಿಸಿ ನೋಡಬಹುದು. ನ್ಯಾಯಾಧೀಶರ ಮುಂದೆ ಯಾರೂ ಯಾರನ್ನೂ ಅನಿರೀಕ್ಷಿತ ಸಾಕ್ಷ್ಯದಿಂದ ಬೆಚ್ಚಿಬೀಳಿಸದಿರಲಿ, ಸತ್ಯವು ಬೇಗ ಹೊರಬರಲಿ ಎಂಬುದು ಅದರ ಉದ್ದೇಶ. ಸತ್ಯವನ್ನು ಬೇಗ ತರಲು ಹುಟ್ಟಿದ ಆ ವಿಧಿಯೇ ಇಲ್ಲಿ ಕಾಲಹರಣದ ಸಾಧನವಾಯಿತು.

೧೯೪೯ರ ಫೆಬ್ರುವರಿಯಲ್ಲಿ ಈ ಪೂರ್ವಭಾವಿ ಪ್ರಶ್ನೋತ್ತರ ಆರಂಭವಾಯಿತು. ಅಲ್ಲಿ ನ್ಯಾಯಾಧೀಶನ ಪೀಠವಿರಲಿಲ್ಲ. ಅಸಂಗತ ಪ್ರಶ್ನೆಯನ್ನು ಅಲ್ಲಿಗೇ ತಡೆಯುವವರಿರಲಿಲ್ಲ. ಶೀಘ್ರಲಿಪಿಕಾರನು ಮಾತ್ರ ಬರೆದುಕೊಳ್ಳುತ್ತಿದ್ದನು. ಫಿರ್ಯಾದಿಯಾದ ಆರ್ಮ್‌ಸ್ಟ್ರಾಂಗನನ್ನೇ ಸುಮಾರು ಒಂದು ವರ್ಷ ಕಾಲ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಕುಳ್ಳಿರಿಸಿದರು. ಎಂದೋ ನಡೆದ ಪ್ರಯೋಗ, ಎಂದೋ ಬರೆದ ಟಿಪ್ಪಣಿ, ಮತ್ತೆ ಅದೇ ಪ್ರಶ್ನೆ ಬೇರೆ ವೇಷದಲ್ಲಿ. ಪ್ರತಿಯೊಂದು ಪ್ರಶ್ನೆಯೂ ತನ್ನಷ್ಟಕ್ಕೆ ನ್ಯಾಯಸಮ್ಮತ. ಒಂದೊಂದು ವಾಯಿದೆಗೂ ಒಂದೊಂದು ಕಾರಣ. ಎಲ್ಲವನ್ನೂ ಕೂಡಿಸಿ ನೋಡಿದರೆ ಕಾಣುವುದು ಮಾತ್ರ ಕರಗುತ್ತಿದ್ದ ಕಾಲ. ಸಾರ್ನಾಫನೂ ಸಾಕ್ಷ್ಯಕ್ಕೆ ಬಂದನು. ಎಫ್.ಎಂ. ಪದ್ಧತಿಯನ್ನು ಬೆಳೆಸಲು ಆರ್ಮ್‌ಸ್ಟ್ರಾಂಗನೂ ಸೇರಿದಂತೆ ಬೇರೆ ಯಾರಿಗಿಂತಲೂ ತನ್ನ ಸಂಸ್ಥೆಗಳೇ ಹೆಚ್ಚು ಮಾಡಿವೆಯೆಂದು ಅವನು ಪ್ರಮಾಣಪೂರ್ವಕವಾಗಿ ಹೇಳಿದಾಗ, ಎದುರಿಗೆ ಕುಳಿತ ಹಳೆಯ ಗೆಳೆಯನ ಮನಸ್ಸು ಮುರಿಯಿತು.

೧೯೫೦ರ ಡಿಸೆಂಬರ್ ಬಂದಿತು. ಮೂಲ ಪೇಟೆಂಟುಗಳ ಅವಧಿ ಮುಗಿಯಿತು. ಮೊಕದ್ದಮೆ ಇನ್ನೂ ವಿಚಾರಣೆಯ ಹೊಸ್ತಿಲನ್ನೇ ದಾಟಿರಲಿಲ್ಲ. ಕಳೆದ ಕಾಲದ ಉಲ್ಲಂಘನೆಗೆ ಪರಿಹಾರ ಕೇಳಬಹುದಾಗಿತ್ತೇ ಹೊರತು, ಮುಂದೆ ಯಾರಿಂದಲೂ ಬಿಡಿಗಾಸು ಬರುವಂತಿರಲಿಲ್ಲ. ಗೌರವಧನ ನಿಂತಿತು, ವಕೀಲರ ವೆಚ್ಚ ನಿಲ್ಲಲಿಲ್ಲ. ಒಂದು ಕಡೆ ವೆಚ್ಚವನ್ನು ವ್ಯಾಪಾರದ ಲೆಕ್ಕದಲ್ಲಿ ಸೇರಿಸಿಬಿಡುವ ಮಹಾಸಂಸ್ಥೆ; ಇನ್ನೊಂದು ಕಡೆ ಅದನ್ನೆಲ್ಲ ಸ್ವಂತ ಗಂಟಿನಿಂದ ತೆರುವ ಅರವತ್ತು ದಾಟಿದ ಒಬ್ಬ ಮನುಷ್ಯ. ಸಂಸ್ಥೆಗೆ ಮುಪ್ಪಿಲ್ಲ, ನಿದ್ರೆಗೇಡಿಲ್ಲ, ಮನೆಯಲ್ಲಿ ಕಾಯುವ ಹೆಂಡತಿಯಿಲ್ಲ. ವಿಳಂಬವು ಇಬ್ಬರಿಗೂ ಒಂದೇ ಅಳತೆಯದಾಗಿ ಕಂಡರೂ ಇಬ್ಬರ ಮೇಲೆಯೂ ಒಂದೇ ಭಾರವಾಗಿ ಬೀಳುವುದಿಲ್ಲ.

ತಪ್ಪೆಲ್ಲ ಒಂದೇ ಕಡೆಯದೆಂದರೆ ಚರಿತ್ರೆಗೆ ಅಪಚಾರ ಮಾಡಿದಂತೆ. ಆರ್.ಸಿ.ಎ. ಮಂಡಲವು ನಿಜವಾಗಿಯೂ ಭಿನ್ನವೆಂದು ಅದರ ಎಂಜಿನಿಯರುಗಳಲ್ಲಿ ನಂಬಿದವರಿದ್ದಿರಬಹುದು. ತನ್ನ ಮೇಲೆ ಹೂಡಿದ ದಾವೆಯನ್ನು ವಿಧಿಯು ಒಪ್ಪುವ ಎಲ್ಲ ಉಪಾಯಗಳಿಂದ ಎದುರಿಸುವ ಹಕ್ಕು ಪ್ರತಿವಾದಿಗೆ ಉಂಟು. ಆರ್ಮ್‌ಸ್ಟ್ರಾಂಗನೂ ಸಂಧಾನದ ಮನುಷ್ಯನಲ್ಲ. ೧೯೨೨ರಲ್ಲಿ ಬಿಟ್ಟುಕೊಡಬಹುದಾದುದನ್ನು ಬಿಡಲಿಲ್ಲ. ೧೯೪೦ರಲ್ಲಿ ಕೈಗೆ ಬಂದುದನ್ನು ತಳ್ಳಿದನು. ಅವನ ದೃಷ್ಟಿಯಲ್ಲಿ ಸತ್ಯವು ಪ್ರಯೋಗಶಾಲೆಯ ಸಂಗತಿ: ಗುಂಡಿ ಒತ್ತಿದರೆ ಸದ್ದು ಇದೆ ಅಥವಾ ಇಲ್ಲ. ಕಚೇರಿಯಲ್ಲಿ ಸತ್ಯವು ಬೆಳಗಾಗುವವರೆಗೆ ಕಾಯಬೇಕಾದ ಅತಿಥಿಯೆಂಬುದನ್ನು ಅವನು ಎರಡು ವ್ಯಾಜ್ಯಗಳಿಂದಲೂ ಕಲಿಯಲಿಲ್ಲ.

೧೯೫೩ರ ಹೊತ್ತಿಗೆ ಸಂಪತ್ತು ಬಹುಪಾಲು ಕರಗಿತ್ತು, ಮನಸ್ಸು ಕದಡಿತ್ತು. ಆ ನವೆಂಬರಿನ ಹಬ್ಬದ ದಿನ, ನಿವೃತ್ತ ಜೀವನಕ್ಕೆಂದು ಇಟ್ಟಿದ್ದ ಹಣದ ಮಾತು ಬಂದು ದಂಪತಿಗಳಲ್ಲಿ ಜಗಳವಾಯಿತು. ಕೋಪದಲ್ಲಿ ಅವನು ಪತ್ನಿಯ ಮೇಲೆ ಕೈಮಾಡಿದನು. ಮೂವತ್ತು ವರ್ಷ ಜೊತೆಗಿದ್ದ ಮೇರಿಯನ್ ಮನೆಬಿಟ್ಟು ಸೋದರಿಯ ಬಳಿಗೆ ಹೋದಳು. ಎರಡು ತಿಂಗಳು ಅವನು ನ್ಯೂಯಾರ್ಕಿನ ಆ ದೊಡ್ಡ ಮನೆಯಲ್ಲಿ ಒಬ್ಬಂಟಿಗನಾಗಿದ್ದನು. ೧೯೫೪ರ ಜನವರಿ ೩೧ರ ರಾತ್ರಿ ಅವಳಿಗೆ ಕಾಗದವೊಂದನ್ನು ಬರೆದು, ತನ್ನಿಂದ ಅವಳಿಗಾದ ನೋವಿಗೆ ಪಶ್ಚಾತ್ತಾಪ ಪಟ್ಟು, ತನ್ನ ಜೀವವನ್ನು ತಾನೇ ಕಳೆದುಕೊಂಡನು. ವಯಸ್ಸು ೬೩. ಇಪ್ಪತ್ತೆರಡರ ತರುಣನೊಬ್ಬನು ರೇಖಾಚಿತ್ರಕ್ಕೆ ಮುದ್ರೆ ಹಾಕಿಸಿಕೊಂಡು ಹಿಗ್ಗಿನಿಂದ ಹೊರಬಂದ ಜನವರಿ ೩೧ಕ್ಕೆ ಅಂದು ಸರಿಯಾಗಿ ೪೧ ವರ್ಷ ತುಂಬಿತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೇರಿಯನ್ ದಾವೆಗಳ ಭಾರವನ್ನು ತಾನು ಹೊತ್ತಳು. ೧೯೫೪ರ ಡಿಸೆಂಬರಿನಲ್ಲಿ ಆರ್.ಸಿ.ಎ.ಯೊಡನೆ ರಾಜಿಯಾಯಿತು. ಸಂಸ್ಥೆ ಕೊಟ್ಟುದು ಹತ್ತು ಲಕ್ಷ ಡಾಲರುಗಳಿಗಿಂತ ಕೊಂಚ ಹೆಚ್ಚು. ಹದಿನಾಲ್ಕು ವರ್ಷಗಳ ಹಿಂದೆ ಕೊಡಬಂದುದು ಹೆಚ್ಚುಕಡಿಮೆ ಅಷ್ಟೇ. ನಡುವೆ ಕಳೆದುದು ಒಂದು ಜೀವ. ಉಳಿದ ಸಂಸ್ಥೆಗಳನ್ನು ಅವಳು ಒಂದೊಂದಾಗಿ ಎದುರಿಸಿದಳು. ಆವೇಶವಿಲ್ಲದೆ, ದಣಿಯದೆ, ಯಾರು ಎಷ್ಟು ತಡಮಾಡಿದರೂ ತಾನೂ ಅಷ್ಟೇ ಕಾದಳು. ಕೊನೆಯದಾಗಿ ಉಳಿದಿದ್ದ ಮೊಟೊರೊಲ ಸಂಸ್ಥೆಯ ಮೇಲಿನ ದಾವೆಯೂ ೧೯೬೭ರಲ್ಲಿ ಅವಳ ಪಕ್ಷಕ್ಕೇ ಆಯಿತು. ಗಂಡ ಹೂಡಿದ ಮೊದಲ ದಾವೆಯಿಂದ ಎಣಿಸಿದರೆ ಅದು ೧೯ನೆಯ ವರ್ಷ. ಪೇಟೆಂಟಿಗೆ ಕಾನೂನು ಕೊಟ್ಟ ಆಯುಸ್ಸಿಗಿಂತ ವ್ಯಾಜ್ಯದ ಆಯುಸ್ಸೇ ದೊಡ್ಡದಾಯಿತು.

ಭಾರತದಲ್ಲಿ ಎಫ್.ಎಂ. ಪ್ರಸಾರ ೧೯೭೭ರಲ್ಲಿ ಮದರಾಸಿನಲ್ಲಿ ಮೊದಲಾಯಿತು. ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ೨೦೦೧ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಆಲ್ಪೈನಿನ ಗೋಪುರ ಇಂದಿಗೂ ನಿಂತಿದೆ. ೨೦೦೧ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಅವಳಿ ಸೌಧಗಳು ಉರುಳಿ ಪ್ರಸಾರಕಂಬಗಳು ನೆಲಕಚ್ಚಿದಾಗ, ಕೆಲವು ಟೆಲಿವಿಷನ್ ನಿಲಯಗಳಿಗೆ ತಾತ್ಕಾಲಿಕವಾಗಿ ಆಸರೆಯಾದುದು ಆ ಮುದಿಗೋಪುರವೇ. ಈ ಶತಮಾನದಲ್ಲಿಯೂ ಕೈಫೋನು ಕಂಪ್ಯೂಟರುಗಳ ಮಹಾಸಂಸ್ಥೆಗಳು ಪೇಟೆಂಟುಗಳಿಗಾಗಿ ವರ್ಷಗಟ್ಟಲೆ ಕಾದಾಡಿವೆ. ಸಮಬಲರ ಕಾದಾಟದಲ್ಲಿ ವಿಳಂಬವು ಲೆಕ್ಕಪುಸ್ತಕದ ಒಂದು ಸಾಲು. ಒಂಟಿ ಶೋಧಕನ ಎದುರಿಗೆ ಅದು ತೀರ್ಪೇ ಆಗಿಬಿಡುತ್ತದೆ. ಎಫ್.ಎಂ. ಆರ್ಮ್‌ಸ್ಟ್ರಾಂಗನದಲ್ಲವೆಂದು ಅವನು ಬದುಕಿರುವಾಗ ಯಾವ ನ್ಯಾಯಾಧೀಶನೂ ಹೇಳಲಿಲ್ಲ, ಅವನದೆಂದೂ ಹೇಳಲಿಲ್ಲ. ಆ ಮಾತನ್ನು ಹೇಳುವ ದಿನ ಬಾರದಂತೆ ನೋಡಿಕೊಂಡುದೇ ಅವನ ಎದುರಾಳಿಗಳಿಗೆ ಸಾಕಾಯಿತು.